ಊರಿನ ಬಳಗದ ಕಥಾ ಸಂಕಲನ: ಅಚ್ಚಿಗೆ ಮೊದಲು ಓದುಗರನ್ನು ಎಣಿಸಿ

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಬಳಗದಲ್ಲಿ ಕಥೆ ಬರೆಯುವವರು 16 ಮಂದಿ ಇದ್ದೇವೆ. ತಿಂಗಳಿಗೊಮ್ಮೆ ಸೇರಿ ಓದಿಕೊಳ್ಳುತ್ತೇವೆ. ಎಲ್ಲರ ಒಂದೊಂದು ಕಥೆ ಸೇರಿಸಿ ಸಂಕಲನ ತರುವ ಆಸೆಯಿದೆ. ಪ್ರಕಾಶಕರೊಬ್ಬರು, ತಲಾ 5,000 ರೂಪಾಯಿ ಕೊಟ್ಟರೆ 1,000 ಪ್ರತಿ ಅಚ್ಚು ಹಾಕಿಸಿ ಪ್ರತಿಯೊಬ್ಬರಿಗೂ 20 ಪ್ರತಿ ಕೊಡುವುದಾಗಿ ಹೇಳಿದ್ದಾರೆ. ಮುಖಬೆಲೆ 200 ರೂಪಾಯಿ. ಒಪ್ಪಿಕೊಳ್ಳಬಹುದೇ? ನಾವೇ ತರುವುದಾದರೆ ಎಷ್ಟು ಪ್ರತಿ, ಎಷ್ಟು ಖರ್ಚು, ಮಾರುವುದು ಹೇಗೆ? ನವೆಂಬರ್ 1ಕ್ಕೆ ಬಿಡುಗಡೆ ಮಾಡೋಣ ಎಂದುಕೊಂಡಿದ್ದೇವೆ.

ಉತ್ತರ: ಮೊದಲು ಆ ಪ್ರಕಾಶಕರ ಲೆಕ್ಕವನ್ನೇ ಬಿಡಿಸಿ ನೋಡೋಣ. 16 ಜನ ತಲಾ 5,000 ಕೊಟ್ಟರೆ 80,000 ರೂಪಾಯಿ. ನಿಮ್ಮ ಕೈಗೆ ಬರುವುದು 320 ಪ್ರತಿ. ಭಾಗಿಸಿದರೆ ಪ್ರತಿಗೆ 250. ಅಂದರೆ 200 ರೂಪಾಯಿ ಮುಖಬೆಲೆಯ ನಿಮ್ಮದೇ ಪುಸ್ತಕವನ್ನು ನೀವು 250 ಕೊಟ್ಟು ಕೊಳ್ಳುತ್ತಿದ್ದೀರಿ. ಉಳಿದ 680 ಪ್ರತಿ ನಿಜಕ್ಕೂ ಅಚ್ಚಾಗುತ್ತದೆಯೇ, ಆದರೆ ಎಲ್ಲಿರುತ್ತದೆ, ಮಾರಾಟವಾದ ದುಡ್ಡಿನಲ್ಲಿ ನಿಮಗೆ ಪಾಲಿದೆಯೇ, ಪುಟ ವಿನ್ಯಾಸದ ಫೈಲು ಯಾರದು? ಈ ನಾಲ್ಕು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೇಳಿ. ಲೇಖಕರಿಂದ ಹಣ ಪಡೆದು ಪುಸ್ತಕ ಮಾಡಿಕೊಡುವುದು ತಪ್ಪು ಕೆಲಸವೇನಲ್ಲ, ಅದೂ ಒಂದು ಸೇವೆ. ತೊಂದರೆ ಇರುವುದು ಬೇರೆ ಕಡೆ: ಅಚ್ಚಿಗೆ ಮೊದಲೇ ಖರ್ಚೂ ಲಾಭವೂ ಕೈಸೇರಿದವರಿಗೆ ಆಮೇಲೆ ಪುಸ್ತಕ ಮಾರುವ ತುರ್ತು ಇರುವುದಿಲ್ಲ. ಮಾರುವ ಹೊಣೆ ಹೇಗೂ ನಿಮ್ಮ ಮೇಲೇ ಬೀಳುತ್ತದೆ. ಹೊಣೆ ನಿಮ್ಮದೇ ಆದಮೇಲೆ ಪುಸ್ತಕವೂ ನಿಮ್ಮದೇ ಆಗಿರಲಿ.

ಹಾಗಾಗಿ ನೀವೇ ತನ್ನಿ. ಆದರೆ 1,000 ಪ್ರತಿ ಬೇಡ, 400 ಸಾಕು. ಎಲ್ಲರ ಕಥೆಯೂ ಇರಲೇಬೇಕೆಂಬ ಹಟ ಬೇಡ. ನವೆಂಬರ್ 1 ಕೂಡ ಬೇಡ. ಊರ ಬಳಗಗಳು ಪುಸ್ತಕ ತಂದ ದಾರಿ ಕನ್ನಡಕ್ಕೆ ಹೊಸದಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು ‘ಗೆಳೆಯರ ಗುಂಪು’ ಎಂಬ ಸಾಹಿತ್ಯ ಬಳಗದ ನಂಟಿನಿಂದ. ಚಂದಾದಾರರನ್ನು ಮೊದಲು ಗೊತ್ತುಮಾಡಿಕೊಂಡು ಪುಸ್ತಕ ಕಳಿಸುವ ಕ್ರಮ ಅದನ್ನು ಕಾಲ ಮೇಲೆ ನಿಲ್ಲಿಸಿತು. ನಿಮ್ಮ ತಾಲ್ಲೂಕಿನ ಹೆಗ್ಗೋಡಿನಂಥ ಹಳ್ಳಿಯಿಂದಲೇ ಅಕ್ಷರ ಪ್ರಕಾಶನ ನಾಡಿಗೆಲ್ಲ ಪುಸ್ತಕ ಮುಟ್ಟಿಸಿದೆ. ಊರು ಚಿಕ್ಕದಾದರೆ ತೊಂದರೆಯಿಲ್ಲ. ಓದುಗರು ಯಾರೆಂದು ಗೊತ್ತಿಲ್ಲದೆ ಅಚ್ಚು ಹಾಕಿದರೆ ತೊಂದರೆ.

ಸಂಪಾದಕರಿಂದ ಶುರು ಮಾಡಿ. ಬಳಗದ ಹೊರಗಿನ ಒಬ್ಬರು, ಕಥೆ ಓದಿ ಪಳಗಿದವರು, ‘ಇದು ಬೇಡ’ ಎಂದು ಹೇಳುವ ಅಧಿಕಾರ ಉಳ್ಳವರು ಬೇಕು. ಬಳಗದವರೇ ಸಂಪಾದಕರಾದರೆ ಎರಡು ಕಷ್ಟ: ಹಿರಿಯರ ಕಥೆಗೆ ಕೈ ಹಾಕಲು ಸಂಕೋಚ, ಬಿಟ್ಟವರ ಜೊತೆ ಮುಂದಿನ ತಿಂಗಳು ಅದೇ ಚಾಪೆಯ ಮೇಲೆ ಕೂರುವ ಮುಜುಗರ. ಪ್ರತಿಯೊಬ್ಬರೂ ಎರಡು ಕಥೆ ಕೊಡಲಿ. ಹೆಸರು ತೆಗೆದು, ಸಂಖ್ಯೆ ಹಾಕಿ, ಒಂದೇ ಅಕ್ಷರ ವಿನ್ಯಾಸದಲ್ಲಿ ಸಂಪಾದಕರಿಗೆ ಕಳಿಸಿ. 32 ಕಥೆಗಳಲ್ಲಿ ಅವರು 14 ಆರಿಸಲಿ, ಒಬ್ಬರದು ಒಂದಕ್ಕಿಂತ ಹೆಚ್ಚಿರಬಾರದು. ಇಬ್ಬರ ಕಥೆ ಬಾರದೇ ಹೋಗಬಹುದು. ಈ ನಿಯಮಕ್ಕೆ ಎಲ್ಲರೂ ಕಥೆ ಕಳಿಸುವ ಮೊದಲೇ ಸಹಿ ಹಾಕಿರಬೇಕು. ಆಮೇಲೆ ಹೇಳಿದರೆ ಬಳಗವೇ ಒಡೆಯುತ್ತದೆ. ಕಥೆಗೆ 2,000 ಪದದ ಮಿತಿ ಇಡಿ, ಅದಕ್ಕೆ ಕಾರಣ ಮುಂದೆ ಪುಟದ ಲೆಕ್ಕದಲ್ಲಿ ಸಿಗುತ್ತದೆ.

ಆರಿಸಿದ ಮೇಲೆ ತಿದ್ದುವ ಕೆಲಸ. ಇದನ್ನು ಹೆಚ್ಚಿನ ಬಳಗಗಳು ಕಾಗುಣಿತ ನೋಡುವುದು ಎಂದುಕೊಳ್ಳುತ್ತವೆ. ಒಂದು ಮಾದರಿ ನೋಡಿ. ಕಥೆ ಹೀಗೆ ಶುರುವಾಗುತ್ತದೆ ಎಂದುಕೊಳ್ಳಿ:

“ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಮುತ್ತಿನಂತೆ ಹೊಳೆಯುತ್ತಿತ್ತು. ಶಾರದಮ್ಮ ಎದ್ದು, ಮುಖ ತೊಳೆದು, ದೇವರಿಗೆ ಕೈಮುಗಿದು ಹಿತ್ತಿಲ ಬಾಗಿಲು ತೆರೆದಳು. ಕೊಟ್ಟಿಗೆಯಲ್ಲಿ ಗೌರಿ ಇರಲಿಲ್ಲ. ಹಗ್ಗ ಗೂಟದಲ್ಲೇ ಇತ್ತು.”

ಕಾಗುಣಿತ ನೋಡುವವರು ಇಲ್ಲಿ ಏನೂ ತಪ್ಪಿಲ್ಲ ಎನ್ನುತ್ತಾರೆ. ಸಂಪಾದಕರು ಮೊದಲು ಕೇಳುವುದು, ಸೂರ್ಯ ಹುಟ್ಟದೆ ಇಬ್ಬನಿ ಹೊಳೆದದ್ದು ಯಾವ ಬೆಳಕಿಗೆ ಎಂದು. ಆಮೇಲೆ ಮೊದಲ ಮೂರು ವಾಕ್ಯಕ್ಕೂ ಗೆರೆ ಎಳೆಯುತ್ತಾರೆ. ಕಥೆ ಹುಟ್ಟುವುದು ‘ಕೊಟ್ಟಿಗೆಯಲ್ಲಿ ಗೌರಿ ಇರಲಿಲ್ಲ’ ಎಂಬಲ್ಲಿ. ಹಗ್ಗ ಗೂಟದಲ್ಲೇ ಇತ್ತು ಎಂದ ಕೂಡಲೇ ಹಸು ಕಿತ್ತುಕೊಂಡು ಹೋದದ್ದಲ್ಲ, ಯಾರೋ ಬಿಚ್ಚಿದ್ದಾರೆ ಎಂದು ಓದುಗರಿಗೆ ಗೊತ್ತಾಗುತ್ತದೆ. ಹೀಗೆ ಒಂದೊಂದು ಕಥೆಗೂ ಸಂಪಾದಕರ ಎರಡು ಸುತ್ತಿನ ಟಿಪ್ಪಣಿ, ಲೇಖಕರ ಎರಡು ಸುತ್ತಿನ ತಿದ್ದುಪಡಿ ಬೇಕು. ಇದಕ್ಕೆ ಎರಡೂವರೆ ತಿಂಗಳು ಮೀಸಲಿಡಿ. ಲೇಖಕರಿಗೆ ತೋರಿಸದೆ ತಿದ್ದಿ ಅಚ್ಚು ಹಾಕಬಾರದು. ಮಾತಿನಲ್ಲಿ ಬರುವ ಹವ್ಯಕ ಕನ್ನಡವನ್ನಾಗಲಿ, ದೀವರ ಮನೆಮಾತನ್ನಾಗಲಿ ಪುಸ್ತಕದ ಕನ್ನಡಕ್ಕೆ ಇಳಿಸಬೇಡಿ. ನಿಮ್ಮ ಸಂಕಲನವನ್ನು ಬೆಂಗಳೂರಿನ ಓದುಗರು ಕೊಳ್ಳುವುದಾದರೆ ಆ ಮಾತಿಗಾಗಿಯೇ ಕೊಳ್ಳುತ್ತಾರೆ. ನಿರೂಪಣೆಯ ಭಾಗದಲ್ಲಿ ಮಾತ್ರ ಕಥೆ/ಕತೆ, ತಾಲ್ಲೂಕು/ತಾಲೂಕು, ಒಂಟಿ ಉದ್ಧರಣ/ಜೋಡಿ ಉದ್ಧರಣ ಇಂಥವು ಪುಸ್ತಕದುದ್ದಕ್ಕೂ ಒಂದೇ ರೀತಿ ಇರಲಿ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಸಾಕು.

ಚಿಕ್ಕ ಊರಿನ ಕಥೆಗಳಲ್ಲಿ ಇನ್ನೊಂದು ಅಪಾಯವಿದೆ. ಹೆಸರು ಬದಲಿಸಿದರೂ ಯಾರ ಮನೆಯ ಜಗಳ, ಯಾವ ಸೊಸೈಟಿಯ ಅವ್ಯವಹಾರ ಎಂದು ಊರಿಗೆಲ್ಲ ಗೊತ್ತಾಗುವ ಕಥೆ ಬಂದರೆ ಮಾನನಷ್ಟದ ನೋಟಿಸು ಬರುವುದು ಬಳಗಕ್ಕೆ. ಗುರುತು ಹಿಡಿಯುವಂಥ ವಿವರಗಳನ್ನು (ಕಸುಬು, ಮನೆ ಇರುವ ಜಾಗ, ಅಂಗವೈಕಲ್ಯ, ಮಕ್ಕಳ ಸಂಖ್ಯೆ) ಬದಲಿಸಿಯೇ ತೆಗೆದುಕೊಳ್ಳಿ.

ಕಥೆಗಳ ಅನುಕ್ರಮದ ಬಗ್ಗೆ ಒಂದೇ ಮಾತು: ವಯಸ್ಸು, ಅಕಾರಾದಿ ಎರಡೂ ಬೇಡ. ಬಲವಾದ, ಚಿಕ್ಕ ಕಥೆ ಮೊದಲು. ಅಂಗಡಿಯಲ್ಲಿ ನಿಂತು ಪುಟ ತಿರುಗಿಸುವವರು ಓದುವುದು ಅದೊಂದನ್ನೇ.

ಒಪ್ಪಂದ ಒಂದು ಪುಟ ಸಾಕು, ಆದರೆ ಬರಹದಲ್ಲಿ ಇರಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವಹಿಸಿಕೊಡುವುದು ಸಹಿ ಹಾಕಿದ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆಯೇ ಎಣಿಸುತ್ತದೆ. ನೀವು ಹಕ್ಕು ಬರೆಸಿಕೊಳ್ಳುವ ಅಗತ್ಯವೇ ಇಲ್ಲ, ಅನುಮತಿ ಸಾಕು. ಕಥೆಯ ಹಕ್ಕು ಲೇಖಕರದೇ. ಈ ಸಂಕಲನದ ಅಚ್ಚು, ಇ-ಪುಸ್ತಕ ಮತ್ತು ಆಡಿಯೋಗೆ 3 ವರ್ಷದ ಅನುಮತಿ. ಲೇಖಕರು ಅದೇ ಕಥೆಯನ್ನು ಒಂದು ವರ್ಷದ ನಂತರ ಸ್ವಂತ ಸಂಕಲನಕ್ಕೆ ಸೇರಿಸಿಕೊಳ್ಳಬಹುದು. ಗೌರವ ಪ್ರತಿ ಮೂರು. ಮರುಮುದ್ರಣವಾದರೆ ಏನು ಕೊಡುತ್ತೀರಿ, ನಷ್ಟವಾದರೆ ಹೇಗೆ ಹಂಚಿಕೊಳ್ಳುತ್ತೀರಿ ಎಂಬುದೂ ಬರಲಿ. ಕಥೆ ಮೊದಲೇ ಮಯೂರ, ತುಷಾರ ಅಥವಾ ಬೇರೆಡೆ ಬಂದಿದ್ದರೆ ಆ ಸಂಚಿಕೆಯ ವಿವರ ಕೇಳಿ ಪಡೆದು, ಅನುಮತಿ ಬೇಕಿದ್ದರೆ ತರಿಸಿ, ಕೃತಜ್ಞತೆಯಲ್ಲಿ ಹಾಕಿ. ಎಳೆಯ ಲೇಖಕರಿಗೆ ಇನ್ನೊಂದು ವಿಷಯ ಮೊದಲೇ ತಿಳಿಸಿ: ದೀಪಾವಳಿ, ಯುಗಾದಿ ಕಥಾಸ್ಪರ್ಧೆಗಳು ಅಪ್ರಕಟಿತ ಕಥೆ ಕೇಳುತ್ತವೆ. ಸಂಕಲನದಲ್ಲಿ ಬಂದ ಕಥೆಯನ್ನು ಮತ್ತೆ ಸ್ಪರ್ಧೆಗೆ ಕಳಿಸಲಾಗದು.

ಇನ್ನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ. ಅರ್ಧದಷ್ಟು ಲೇಖಕರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಉಳಿದವರು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದಿರುತ್ತಾರೆ. ಎಲ್ಲವನ್ನೂ ಯೂನಿಕೋಡ್‌ಗೆ ತಂದ ಮೇಲೆ ಮೂರು ಜಾಗದಲ್ಲಿ ಕಣ್ಣಿಡಿ. ಒಂದು, ನುಡಿ ಫೈಲಿನ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತನೆಯಲ್ಲಿ ಅವು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬರುತ್ತವೆ. ಹಳೆಯ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ಆಕಾರಗಳು ಕೂತಿರುವುದೇ ಕಾರಣ. ಎರಡು, ಅರ್ಕಾವತ್ತು: ಒಂದು ಕಥೆಯಲ್ಲಿ ‘ಸೂರ್ಯ’, ಇನ್ನೊಂದರಲ್ಲಿ ‘ಸೂರ‍್ಯ’ ಎಂದು ಬೆರೆತುಬಿಡುತ್ತದೆ. ಮೂರನೆಯದು ಎಲ್ಲಕ್ಕಿಂತ ಕಣ್ತಪ್ಪುವಂಥದ್ದು. ‘ಬಸ್‌ನಲ್ಲಿ’ ಎಂಬ ಪದದಲ್ಲಿ ಸ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಸಂಕೇತ ಇರುತ್ತದೆ. ಅದು ಬಿದ್ದುಹೋದರೆ ಪುಸ್ತಕದಲ್ಲಿ ‘ಬಸ್ನಲ್ಲಿ’ ಎಂದು ಅಚ್ಚಾಗುತ್ತದೆ. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಇವನ್ನು ಒಂದೊಂದಾಗಿ ಹುಡುಕಿ ಬದಲಿಸಬೇಕು, ಬೇರೆ ಉಪಾಯವಿಲ್ಲ. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವವರಿಗೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆನ್ ಮಾಡಲು ಹೇಳಿ, ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಕೆಳಗಿಳಿಯದೆ ಪಕ್ಕಕ್ಕೆ ಬರುತ್ತವೆ.

ಕನ್ನಡದ ಸಾಲಿಗೆ ಮೇಲೂ ಕೆಳಗೂ ಜಾಗ ಬೇಕು. 12 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 17ರಿಂದ 18 ಪಾಯಿಂಟ್ ಇರಲಿ. ಪುಟ ಉಳಿಸಲು 15ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದುವವರ ಕಣ್ಣು ಸೋಲುತ್ತದೆ. ಡೆಮಿ 1/8 ಆಕಾರದಲ್ಲಿ (ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ) ಈ ಅಳತೆಗೆ ಪುಟಕ್ಕೆ 28 ಸಾಲು, ಹೆಚ್ಚುಕಡಿಮೆ 200 ಪದ ಕೂರುತ್ತದೆ. 2,000 ಪದದ ಕಥೆಗೆ 10 ಪುಟ, 14 ಕಥೆಗೆ 140. ಶೀರ್ಷಿಕೆ ಪುಟ, ಹಕ್ಕುಗಳ ಪುಟ, ಪರಿವಿಡಿ, ಸಂಪಾದಕರ ಮಾತು, ಕಥೆಗಾರರ ಪರಿಚಯಕ್ಕೆ 20. ಒಟ್ಟು 160. ಅಚ್ಚಿನವರ ಭಾಷೆಯಲ್ಲಿ 16 ಪುಟಕ್ಕೊಂದು ಫಾರಂ, ಅಂದರೆ ಸರಿಯಾಗಿ 10 ಫಾರಂ. 163 ಪುಟವಾದರೆ ಹನ್ನೊಂದನೇ ಫಾರಂ ತೆರೆಯಬೇಕು, ಮೂರು ಪುಟಕ್ಕಾಗಿ ಕಾಗದದ ದುಡ್ಡು ಪೋಲು. ಪದಗಳ ಮಿತಿ ಇಟ್ಟದ್ದು ಇದಕ್ಕೇ. ಮುನ್ನುಡಿ, ಬೆನ್ನುಡಿ, ಆಶಯ ನುಡಿ, ಶುಭ ಹಾರೈಕೆ ಎಂದು 30 ಪುಟ ತುಂಬಿಸುವವರಿದ್ದಾರೆ. ಸಂಪಾದಕರ ನಾಲ್ಕು ಪುಟದ ಮಾತು ಸಾಕು.

ಕರಡು ಮೂರು ಸಲ ತಿದ್ದಬೇಕು: ಒಮ್ಮೆ ಲೇಖಕರು, ಒಮ್ಮೆ ಹೊರಗಿನ ಕರಡು ತಿದ್ದುವವರು, ಕೊನೆಗೆ ಇಡೀ ಪುಸ್ತಕವನ್ನು ಒಬ್ಬರೇ ಕೂತು. ಪರದೆಯ ಮೇಲಲ್ಲ, ಕಾಗದದ ಮೇಲೆ. ಹಲವರ ಸಂಕಲನದಲ್ಲಿ ಮಾತ್ರ ಆಗುವ ಎರಡು ತಪ್ಪುಗಳಿವೆ: ಪುಟದ ತಲೆಯಲ್ಲಿ ಬರುವ ಲೇಖಕರ ಹೆಸರು ಹಿಂದಿನ ಕಥೆಯದೇ ಉಳಿದಿರುವುದು, ಪರಿವಿಡಿಯ ಪುಟಸಂಖ್ಯೆ ಕೊನೆಯ ತಿದ್ದುಪಡಿಯ ನಂತರ ಹೊಂದದಿರುವುದು. ಹೆಸರು ತಪ್ಪಾಗಿ ಅಚ್ಚಾದ ಲೇಖಕರನ್ನು ಸಮಾಧಾನ ಮಾಡುವುದು ಕಷ್ಟ. ಪರಿವಿಡಿ, ಪುಟದ ತಲೆ, ಕಥೆಯ ಶುರು, ಪರಿಚಯ, ಬೆನ್ನು ರಕ್ಷಾಪುಟ ಈ ಐದೂ ಕಡೆ ಹೆಸರು ಒಂದೇ ರೀತಿ ಇದೆಯೇ ಎಂದು ಲೇಖಕರಿಂದಲೇ ಸಹಿ ಪಡೆಯಿರಿ.

ಅಚ್ಚಿಗೆ ಗದಗ, ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನಿಂದ ಕನಿಷ್ಠ ಮೂರು ಕೊಟೇಶನ್ ತರಿಸಿ. ಎಲ್ಲರಿಗೂ ಒಂದೇ ವಿವರ ಕೊಡಿ: ಡೆಮಿ 1/8, 160 ಪುಟ, ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್ಲಿತೋ ಕಾಗದ (ಅಚ್ಚ ಬಿಳಿಯದಲ್ಲ, ತುಸು ಕೆನೆಬಣ್ಣದ ನ್ಯಾಚುರಲ್ ಶೇಡ್), ಒಂದೇ ಬಣ್ಣ. ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಬೋರ್ಡ್, ನಾಲ್ಕು ಬಣ್ಣ, ಮ್ಯಾಟ್ ಲ್ಯಾಮಿನೇಶನ್. ಸಾಗಣೆ ಮತ್ತು ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ಅಚ್ಚಾದ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಮುದ್ರಣದ ಬಿಲ್ಲಿಗೆ ಇದೆ. ಸಾಮಾನ್ಯವಾಗಿ 300 ಪ್ರತಿಯ ಕೆಳಗೆ ಡಿಜಿಟಲ್ (ಫೈಲಿನಿಂದ ನೇರವಾಗಿ ಹಾಕುವ ಅಚ್ಚು) ಅಗ್ಗ, 500ರ ಮೇಲೆ ಆಫ್‌ಸೆಟ್ (ಪ್ಲೇಟ್ ಮಾಡಿ ಹಾಕುವ ಅಚ್ಚು) ಅಗ್ಗ. 400 ಇವೆರಡರ ನಡುವಿನ ಸಂಖ್ಯೆ, ಹಾಗಾಗಿ ಎರಡರ ದರವನ್ನೂ ಕೇಳಿ. ಕಾಗದದ ಎಳೆ (ನಾರು ಸಾಗುವ ದಿಕ್ಕು) ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕೆಂದು ಹೇಳಿ. ಅಡ್ಡವಾದರೆ ಪುಸ್ತಕ ತೆರೆದರೆ ನಿಲ್ಲುವುದಿಲ್ಲ, ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಎಳೆದು ತೆರೆದವರ ಕೈಗೆ ಪುಟ ಕಿತ್ತು ಬರುತ್ತದೆ. 160 ಪುಟಕ್ಕೆ ಬೆನ್ನಿನ ದಪ್ಪ 8 ಮಿ.ಮೀ. ಆಸುಪಾಸು. ಎರಡೂ ಬದಿಗೆ ಒಂದೂವರೆ ಬಿಟ್ಟರೆ ಅಕ್ಷರಕ್ಕೆ ಉಳಿಯುವುದು 5 ಮಿ.ಮೀ., ಒತ್ತಕ್ಷರವೂ ಅದರೊಳಗೇ ಕೂರಬೇಕು. ಒತ್ತು ಕಡಿಮೆ ಇರುವ, ಎರಡು ಪದದ ಹೆಸರಿಟ್ಟರೆ ಕಪಾಟಿನಲ್ಲಿ ನಿಂತಾಗಲೂ ಓದಲು ಬರುತ್ತದೆ. ಪೂರ್ತಿ ಅಚ್ಚಿಗೆ ಮೊದಲು ಒಂದು ಡಮ್ಮಿ ಪ್ರತಿ ಕಟ್ಟಿಸಿ ನೋಡಿ.

ಖರ್ಚಿನ ಲೆಕ್ಕವನ್ನು ಒಂದು ಉದಾಹರಣೆಯಾಗಿ ಹಾಕೋಣ, ನಿಮ್ಮ ಕೊಟೇಶನ್ ಬಂದಂತೆ ಸಂಖ್ಯೆ ಬದಲಿಸಿಕೊಳ್ಳಿ. 400 ಪ್ರತಿಯ ಅಚ್ಚು ಪ್ರತಿಗೆ 90ರಂತೆ 36,000. ಪುಟ ವಿನ್ಯಾಸ ಪುಟಕ್ಕೆ 30ರಂತೆ 4,800. ಕರಡು ತಿದ್ದಲು ಪುಟಕ್ಕೆ 20ರಂತೆ 3,200. ಮುಖಪುಟ ಕಲಾವಿದರಿಗೆ 4,000. ಇಲ್ಲಿಗೆ 48,000, ಪ್ರತಿಗೆ 120. ಬಿಡುಗಡೆಗೆ 6,000, ಅಂಚೆ ಮತ್ತು ಚಿಲ್ಲರೆಗೆ 3,000 ಸೇರಿ 57,000. ಸಂಪಾದಕರ ಗೌರವಧನ ಇದರ ಮೇಲೆ, ನಿಮ್ಮ ಶಕ್ತಿಯಂತೆ. ಅದನ್ನು ದಯವಿಟ್ಟು ಬಿಡಬೇಡಿ.

ಈಗ ಆದಾಯ. 400ರಲ್ಲಿ ಲೇಖಕರ ಗೌರವ ಪ್ರತಿ 42, ಗ್ರಂಥಾಲಯ, ಪತ್ರಿಕೆ, ಅತಿಥಿ, ಕಲಾವಿದರಿಗೆ 30. ಮಾರಲು ಉಳಿಯುವುದು 328. ಬೆಲೆ 200 ಇಟ್ಟು, ಪ್ರಕಟಣಪೂರ್ವವಾಗಿ 150 ರೂಪಾಯಿಗೆ 150 ಪ್ರತಿ ಹೋದರೆ 22,500. ಬಿಡುಗಡೆಯ ದಿನ 160ರಂತೆ 80 ಪ್ರತಿಗೆ 12,800. ಅಂಗಡಿಗಳಿಗೆ ಶೇ. 40 ರಿಯಾಯಿತಿಯಲ್ಲಿ 60 ಪ್ರತಿಗೆ 7,200. ಉಳಿದ 38 ಪೂರ್ಣ ಬೆಲೆಗೆ 7,600. ಒಟ್ಟು 50,100. ಎಲ್ಲ ಪ್ರತಿ ಮಾರಿದರೂ 6,900 ಕಡಿಮೆ ಬೀಳುತ್ತದೆ. ಕಥೆ ಬಂದ 14 ಜನ ತಲಾ 500 ಹಾಕಿದರೆ ಸರಿಹೋಗುತ್ತದೆ. 5,000ಕ್ಕೂ 500ಕ್ಕೂ ಇರುವ ಅಂತರ ಇದು, ಆದರೆ ಆ 328 ಪ್ರತಿ ಮಾರಿದರೆ ಮಾತ್ರ. ಶುರುವಿಗೆ ಕೈಯಲ್ಲಿ ಹಣ ಬೇಕು, ಆದ್ದರಿಂದ ತಲಾ 2,500 ಸಾಲವಾಗಿ ಹಾಕಿ, ಮಾರಾಟದಿಂದ ಮೊದಲು ಅದನ್ನೇ ತೀರಿಸಿ. ಬಳಗದ ನೋಂದಣಿ ಆಗಿಲ್ಲದಿದ್ದರೆ ಒಬ್ಬರ ಹೆಸರಿನಲ್ಲಿ ಇದಕ್ಕೆಂದೇ ಪ್ರತ್ಯೇಕ ಉಳಿತಾಯ ಖಾತೆ ತೆರೆದು, ತಿಂಗಳಿಗೊಮ್ಮೆ ಪಾಸ್‌ಬುಕ್ಕಿನ ಫೋಟೋ ಎಲ್ಲರಿಗೂ ಕಳಿಸಿ. ಬಳಗಗಳು ಒಡೆಯುವುದು ಹೆಚ್ಚಾಗಿ ದುಡ್ಡು ಕಮ್ಮಿಯಾಗಿ ಅಲ್ಲ, ಲೆಕ್ಕ ಕಾಣದೆ.

ಐಎಸ್‌ಬಿಎನ್ ಸಂಖ್ಯೆ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲಿನಲ್ಲಿ ಗುರುತಿನ ದಾಖಲೆ, ಶೀರ್ಷಿಕೆ ಪುಟ ಹಾಕಿ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸಾವಿರಾರು ರೂಪಾಯಿ ಕೇಳುವವರಿಗೆ ಕೊಡಬೇಡಿ. ಅರ್ಜಿ ಮರಳಿ ಬಂದು ತಿದ್ದಬೇಕಾಗುವುದೂ ಉಂಟು, ಆದ್ದರಿಂದ ಅಚ್ಚಿಗೆ ಎರಡು ತಿಂಗಳ ಮೊದಲೇ ಹಾಕಿ. ಐಎಸ್‌ಬಿಎನ್ ಬಂದರೆ ಕೃತಿಸ್ವಾಮ್ಯ ಬಂತೆಂದು ಕೆಲವರು ತಿಳಿಯುತ್ತಾರೆ. ಅದು ಪುಸ್ತಕದ ಗುರುತಿನ ಸಂಖ್ಯೆ ಅಷ್ಟೇ. ಹಾಗೆಯೇ 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟಣೆಯಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳಿಸಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಪುಸ್ತಕವನ್ನು ನೋಂದಾಯಿಸಿ, ಅದೂ ಅಚ್ಚಾದ ವರ್ಷದೊಳಗೇ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಲು ಅದು ಬೇಕಾಗುತ್ತದೆ. ಆದರೆ ಆ ಖರೀದಿ ನಂಬಿ 1,000 ಪ್ರತಿ ಅಚ್ಚು ಹಾಕಿಸಬೇಡಿ. ಇಲಾಖೆ ಪುಟದ ಲೆಕ್ಕದಲ್ಲಿ ದರ ಕಟ್ಟುತ್ತದೆ, ಆಯ್ಕೆ ಆಗಲೇಬೇಕೆಂದಿಲ್ಲ, ಆಯ್ಕೆಯಾದರೂ ಹಣ ಬರಲು ಬಹಳ ಕಾಲ ಹಿಡಿಯುತ್ತದೆ. ಆಯ್ಕೆಯಾದರೆ ಆಗ ಬೇಕಾದಷ್ಟು ಮರುಮುದ್ರಣ ಮಾಡಿಸಿದರಾಯಿತು. ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಧನಸಹಾಯ ಒಬ್ಬ ಲೇಖಕರ ಮೊದಲ ಪುಸ್ತಕಕ್ಕೆ. ಹಲವರ ಸಂಕಲನಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಾರಾಟ ಶುರುವಾಗಬೇಕಾದ್ದು ಅಚ್ಚಿಗೆ ಆರು ವಾರ ಮೊದಲು. ಪ್ರತಿಯೊಬ್ಬ ಲೇಖಕರೂ 25 ಹೆಸರಿನ ಪಟ್ಟಿ ಬರೆಯಲಿ. ಮನೆಯವರನ್ನು ಬಿಟ್ಟು, ಫೋನ್ ಮಾಡಿ ಕೇಳಬಹುದಾದವರು: ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ಬೆಂಗಳೂರಿಗೆ ಹೋದ ಊರವರು, ದುಬೈಯ ನೆಂಟರು. 14 ಪಟ್ಟಿ ಸೇರಿಸಿದರೆ 350. ಒಂದೇ ಹೆಸರು ಮೂರು ಪಟ್ಟಿಯಲ್ಲಿ ಬಂದಿರುತ್ತದೆ, ತೆಗೆದರೆ 280ರ ಹತ್ತಿರ ಉಳಿಯಬಹುದು. ವಾಟ್ಸ್‌ಆ್ಯಪ್ ಗುಂಪಿಗೆ ಮುಖಪುಟ ಹಾಕಿದರೆ ಹೆಬ್ಬೆರಳು ಬರುತ್ತದೆ, ಹಣ ಬರುವುದಿಲ್ಲ. ಒಬ್ಬೊಬ್ಬರಿಗೇ ಹೆಸರು ಹಿಡಿದು ಬರೆಯಬೇಕು: “ಅಕ್ಕಾ, ನಮ್ಮ 14 ಜನರ ಕಥೆ ಪುಸ್ತಕವಾಗಿ ಬರ್ತಾ ಇದೆ. ನನ್ನ ಕಥೆ ಇಕ್ಕೇರಿ ಬಸ್ಸಿನದ್ದು, ಮೊದಲ ಪುಟ ಕೆಳಗಿದೆ. ಇದೇ 20ರೊಳಗೆ 150 ಕಳಿಸಿದರೆ ಬಿಡುಗಡೆಯ ವಾರದಲ್ಲೇ ಮನೆಗೆ ಬರ್ತದೆ, ಅಂಚೆ ಖರ್ಚು ನಮ್ಮದು.” ಕೊನೆಯ ದಿನಾಂಕ ಇರಲೇಬೇಕು. ಹಣ ಬಂದವರ ಹೆಸರು, ಪಿನ್‌ಕೋಡ್ ಸಮೇತ ವಿಳಾಸ, ಮೊಬೈಲ್ ಸಂಖ್ಯೆ ಒಂದೇ ಹಾಳೆಯಲ್ಲಿ ಒಬ್ಬರೇ ಬರೆದಿಡಲಿ. ಗಡುವಿನ ದಿನ ಎಷ್ಟು ಪ್ರತಿಗೆ ಹಣ ಬಂದಿದೆಯೋ ಅದಕ್ಕೆ 250 ಸೇರಿಸಿದರೆ ಅದೇ ನಿಮ್ಮ ಮುದ್ರಣ ಸಂಖ್ಯೆ. 150 ಬಂದರೆ 400. 60 ಬಂದರೆ 310, ಆಗ ಡಿಜಿಟಲ್‌ನಲ್ಲಿ ಮಾಡಿಸಿ. ಸಂಖ್ಯೆ ಇಳಿದಾಗ ಪ್ರತಿಯ ದರ ಏರುತ್ತದೆ, ತಲಾ ಹಾಕುವ ಮೊತ್ತವನ್ನು ಆಗ ಮತ್ತೆ ಲೆಕ್ಕ ಹಾಕಿ.

ಬಿಡುಗಡೆಗೆ ನವೆಂಬರ್ 1 ಬೇಡ ಎಂದದ್ದು ಏಕೆಂದರೆ ಅಂದು ಎಲ್ಲ ಸಭಾಂಗಣಗಳಲ್ಲೂ ರಾಜ್ಯೋತ್ಸವ, ಬರಬೇಕಾದ ಮೇಷ್ಟ್ರುಗಳು ಶಾಲೆಯ ಮೆರವಣಿಗೆಯಲ್ಲಿ, ವರದಿಗಾರರು ಮೈದಾನದಲ್ಲಿ. ಅದರ ನಂತರ ನಿಮ್ಮ ಕಡೆ ಅಡಿಕೆ ಕೊಯ್ಲು. ದಸರಾ ಮುಗಿದು ದೀಪಾವಳಿಗೆ ಮೊದಲಿನ ಒಂದು ಭಾನುವಾರ, ಬೆಳಿಗ್ಗೆ 10.30 ಒಳ್ಳೆಯದು. ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ಮೂವರೇ ಮಾತನಾಡಲಿ: ಸಂಪಾದಕರು, ಪುಸ್ತಕವನ್ನು ನಿಜವಾಗಿ ಓದಿ ಬಂದ ಒಬ್ಬ ಅತಿಥಿ, ಲೇಖಕರ ಪರವಾಗಿ ಒಬ್ಬರು. ಅತಿಥಿಗೆ ಮೂರು ವಾರ ಮೊದಲೇ ಪಿಡಿಎಫ್ ಅಲ್ಲ, ಪ್ರಿಂಟ್ ತೆಗೆದು ಕೊಡಿ. ನಡುವೆ ಇಬ್ಬರು ಲೇಖಕರು ತಲಾ ಆರು ನಿಮಿಷ ತಮ್ಮ ಕಥೆಯ ಭಾಗ ಓದಲಿ, ಓದಿ ಮುಗಿಸದೆ ಕುತೂಹಲದ ಜಾಗದಲ್ಲಿ ನಿಲ್ಲಿಸಲಿ. ಪುಸ್ತಕದ ಮೇಜು ವೇದಿಕೆಯ ಪಕ್ಕ ಅಲ್ಲ, ಊಟದ ಕಡೆಗೆ ಹೋಗುವ ಬಾಗಿಲಲ್ಲಿ ಇರಲಿ. ಲೇಖಕರಲ್ಲದ ಇಬ್ಬರು ಅಲ್ಲಿ ಕೂರಲಿ. ಕ್ಯೂಆರ್ ಚೀಟಿ, 50ರ ಮತ್ತು 20ರ ನೋಟಿನ ಚಿಲ್ಲರೆ, ರಸೀದಿ ಪುಸ್ತಕ ಇರಲಿ. ಅತಿಥಿಗಳಿಗೆಲ್ಲ ವೇದಿಕೆಯಿಂದ ಉಚಿತವಾಗಿ ಪುಸ್ತಕ ಹಂಚಿದರೆ ಸಭೆಯಲ್ಲಿ ಕೂತವರೂ ತಮಗೊಂದು ಸಿಗುತ್ತದೆ ಎಂದು ಕಾಯುತ್ತಾರೆ, ಮಾರಾಟ ನಿಂತುಹೋಗುತ್ತದೆ. ಸ್ಥಳೀಯ ವರದಿಗಾರರಿಗೆ ಅದೇ ಮಧ್ಯಾಹ್ನ 2ರೊಳಗೆ 120 ಪದದ ವರದಿ, ಒಂದು ಫೋಟೋ, ಫೋಟೋದಲ್ಲಿ ಇರುವವರ ಹೆಸರು ಎಡದಿಂದ ಬಲಕ್ಕೆ ಬರೆದು ಕಳಿಸಿ.

ವಿಮರ್ಶೆಗೆ ಭಾನುವಾರದ ಪುರವಣಿಗಳಿಗೂ ಮಾಸಿಕಗಳಿಗೂ ಎರಡೆರಡು ಪ್ರತಿ ಕಳಿಸಿ. ಜೊತೆಗೆ ಒಂದು ಚಿಕ್ಕ ಹಾಳೆ: ಹೆಸರು, ಸಂಪಾದಕರು, ಪುಟ, ಬೆಲೆ, ಸಿಗುವ ಜಾಗ, 60 ಪದದಲ್ಲಿ ಪುಸ್ತಕದ ವಿಶೇಷ. ವಿಮರ್ಶೆ ಬಾರದಿದ್ದರೂ ‘ಸಾದರ ಸ್ವೀಕಾರ’ದ ಅಂಕಣದಲ್ಲಿ ಆ ಹಾಳೆಯ ಸಾಲು ಬರುತ್ತದೆ. ಮೊಬೈಲಿನ ಪ್ರಚಾರಕ್ಕೆ ಮುಖಪುಟವನ್ನೇ ಮತ್ತೆ ಮತ್ತೆ ಹಾಕುವ ಬದಲು ನಾಲ್ಕು ದಿನಕ್ಕೊಂದರಂತೆ ಪ್ರತಿ ಕಥೆಯ ನಾಲ್ಕು ಒಳ್ಳೆಯ ಸಾಲು ಹಾಕಿ. 14 ಕಥೆಗೆ 8 ವಾರ ತುಂಬುತ್ತದೆ. ಯಾರ ಸಾಲು ಬಂತೋ ಆ ವಾರ ಅವರ ಪಟ್ಟಿಯ ಉಳಿದವರಿಗೆ ಮತ್ತೆ ಫೋನ್ ಹೋಗಲಿ.

ಅಂಗಡಿಗಳಿಗೆ ಮೊದಲು ಐದೈದೇ ಪ್ರತಿ ಕೊಡಿ, ಡೆಲಿವರಿ ಚಲನ್‌ಗೆ ಸಹಿ ಹಾಕಿಸಿ, ಮೂರು ತಿಂಗಳಿಗೊಮ್ಮೆ ಹೋಗಿ ಲೆಕ್ಕ ಮಾಡಿ. ಒಟ್ಟಿಗೆ 50 ಕೊಟ್ಟರೆ ಅಟ್ಟ ಸೇರುತ್ತದೆ. ಸಾಗರ, ಸೊರಬ, ಶಿವಮೊಗ್ಗ, ಶಿರಸಿಯ ಕಾಲೇಜುಗಳ ಕನ್ನಡ ವಿಭಾಗಕ್ಕೆ ‘ಒಬ್ಬ ಕಥೆಗಾರರು ಬಂದು ಒಂದು ಗಂಟೆ ಕಥೆ ಓದಿ ಮಾತಾಡುತ್ತೇವೆ’ ಎಂದು ಪತ್ರ ಬರೆಯಿರಿ. ವಿದ್ಯಾರ್ಥಿಗಳಿಗೆ 120ಕ್ಕೆ ಕೊಟ್ಟರೂ ಅಚ್ಚಿನ ಅಸಲು ಬರುತ್ತದೆ. ತಾಲ್ಲೂಕು, ಜಿಲ್ಲಾ ಸಾಹಿತ್ಯ ಸಮ್ಮೇಳನದಲ್ಲಿ ಮಳಿಗೆಯನ್ನು ಇನ್ನೊಂದು ಬಳಗದ ಜೊತೆ ಹಂಚಿಕೊಳ್ಳಿ.

ಅಂಚೆಗೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಇದೆ, 300 ಗ್ರಾಂವರೆಗೆ 20 ರೂಪಾಯಿ ಮತ್ತು ತೆರಿಗೆ ಎಂಬ ದರದಲ್ಲಿ ಶುರುವಾದದ್ದು. ನಿಮ್ಮ 160 ಪುಟದ ಪುಸ್ತಕ ರಕ್ಷಾಪುಟ ಸೇರಿ 200 ಗ್ರಾಂ ಆಸುಪಾಸು ತೂಗುವುದರಿಂದ ಕೆಳಗಿನ ದರವೇ ಸಾಕು. ಲಕೋಟೆಯ ಮೇಲೆ ಸೇವೆಯ ಹೆಸರು ಬರೆದಿರಬೇಕು, ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು. ಒಳಗೆ ಕಾಗದ-ಪತ್ರ ಇಡಬೇಡಿ. ಮಲೆನಾಡಿನ ತೇವಕ್ಕೆ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ. ಉಳಿದ ಪ್ರತಿಗಳನ್ನು 20ರ ಕಟ್ಟು ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಮಲಗಿಸಿಡಿ. ನಿಲ್ಲಿಸಿಟ್ಟರೆ ಒಂದೇ ಮಳೆಗಾಲಕ್ಕೆ ಮ್ಯಾಟ್ ಲ್ಯಾಮಿನೇಶನ್ನಿನ ರಕ್ಷಾಪುಟ ಹೊರಕ್ಕೆ ಸುರುಳಿ ಸುತ್ತುತ್ತದೆ, ಗೆದ್ದಲು ಹಿಡಿದರೆ ಕೆಳಗಿನ ಕಟ್ಟು ಕೈಗೆ ಸಿಗುವುದಿಲ್ಲ.

ಪುಟ ವಿನ್ಯಾಸದ ಮೂಲ ಫೈಲು, ಮುಖಪುಟದ ಫೈಲು, ಬಳಸಿದ ಫಾಂಟು, ಅಚ್ಚಿಗೆ ಹೋದ ಪಿಡಿಎಫ್, ಈ ನಾಲ್ಕನ್ನೂ ಡಿಟಿಪಿಯವರಿಗೆ ಕೊನೆಯ ಕಂತು ಕೊಡುವ ದಿನವೇ ಪಡೆದು ಇಬ್ಬರ ಹತ್ತಿರ ಇಡಿ. ಬಿಡುಗಡೆಯಾಗಿ ಆರು ತಿಂಗಳಿಗೆ ಕಟ್ಟುಗಳನ್ನು ಎಣಿಸಿ. 40ಕ್ಕಿಂತ ಕಡಿಮೆ ಉಳಿದಿದ್ದರೆ, ಓದುಗರು ತೋರಿಸಿಕೊಟ್ಟ ಅಚ್ಚಿನ ತಪ್ಪುಗಳನ್ನು ಅದೇ ಫೈಲಿನಲ್ಲಿ ತಿದ್ದಿ 100 ಪ್ರತಿ ಡಿಜಿಟಲ್‌ನಲ್ಲಿ ಮರುಮುದ್ರಿಸಿ, ಹಕ್ಕುಗಳ ಪುಟದಲ್ಲಿ ‘ಎರಡನೆಯ ಮುದ್ರಣ’ ಎಂದು ಹಾಕಿ.